ಹನುಮಕ್ಕ ಬಾಯಿಗೆ ತಾರದ ಮಾತು

ಹನುಮಕ್ಕ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಬೇರಿಕೆಯಿಂದ ತಮಿಳುನಾಡಿನ ಡೆಂಕಣಿಕೋಟೆ ಕಡೆಯ ಈ ಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ರೇಷನ್ ಕಾರ್ಡಿನವನು ಕೇಳಿದರೆ, ಎದುರಿನ ಆಂಜನೇಯನ ಗುಡಿಯತ್ತ ಕೈ ತೋರಿಸಿ, "ಆ ಸ್ವಾಮಿ ಹೆಸ್ರೇ ಕಣಪ್ಪಾ, ಮುಂದ್ಕೆ ರಾಮನ್ನ ಸೇರಿಸ್ಕೋ" ಎಂದಿದ್ದಳು. ರಾಮಾಂಜಿನಪ್ಪ ಜಗಲಿಯ ಮೇಲಿಂದ ರೇಗಿಸಿದ್ದ: "ನಾನ್ ಸತ್ ಮ್ಯಾಲಾದ್ರೂ ಹೆಸ್ರಿಡ್ದು ಕೂಗೀಯಾ ಹೆಂಗೆ?"

"ಬುಡ್ತು ಅನ್ನಿ!" ಎಂದು ಅವಳು ಗದರಿದ್ದಳು.

ಮೂರು ವರ್ಷದ ಹಿಂದೆ, ರಾಗಿ ತೆನೆ ಬಲಿಯುವ ಕಾಲದಲ್ಲಿ, ಆನೆದಂತದ ತನಿಖೆಗೆಂದು ದೆಹಲಿಯಿಂದ ಬಂದ ಅಧಿಕಾರಿಗಳು ಅವನನ್ನು ಜೀಪಿನಲ್ಲಿ ಕರೆದೊಯ್ದರು. ಆನೆಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ತಗಡು ಬಡಿದು ಹೊಲದಿಂದ ಅಟ್ಟುವುದೊಂದೇ. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೆಣ ತೋರಿಸಿದರು. ಅಂಗಾಲು ನೀಲಿಗಟ್ಟಿತ್ತು. ಹೇಳಿಕೆ ಬರೆದುಕೊಂಡವನು ತಮಿಳಿನವನು. ಹನುಮಕ್ಕ ಕನ್ನಡದಲ್ಲಿ ಹೇಳಿದಳು: "ಮೂರ್ನೇ ದಿನ ಅಲ್ಲಿಂದ್ಲೇ ಹೋಗ್ಬುಟ್ರು." ಕಟ್ಟಿಕೊಂಡವನನ್ನು 'ಸತ್ತರು' ಎನ್ನಲು ಯಾವ ಹೆಂಡತಿಗೆ ನಾಲಿಗೆ ಏಳುತ್ತದೆ? ಹೆಬ್ಬೆಟ್ಟು ಒತ್ತಿ ಬಂದಳು.

ಹೊಸೂರಿನ ಮಾನವ ಹಕ್ಕು ಸಂಘಟನೆಯ ಸುಧಾ ಆ ಸಾವಿನ ಬೆನ್ನು ಹತ್ತಿದಳು. ದೇಶದ ಇಂಥ ಹಲವು ಸಂಘಟನೆಗಳು ಸೇರಿ, ವಶದಲ್ಲಿದ್ದಾಗ ಸತ್ತವರ ಪಟ್ಟಿ ಮಾಡಿ, ಒಬ್ಬೊಬ್ಬರ ಬಗ್ಗೆಯೂ ಕೇಂದ್ರ ಸರ್ಕಾರದಿಂದ ಉತ್ತರ ಕೇಳಿದ್ದವು. ಹನುಮಕ್ಕನಿಗೆ ಬೇಕಿದ್ದದ್ದೂ ಅಷ್ಟೇ. 'ನಮ್ಮ ಕೈಯಲ್ಲೇ ಸತ್ತ' ಎಂದು ಅವರು ಒಪ್ಪಿಕೊಳ್ಳಬೇಕು.

ಈ ಆಷಾಢದಲ್ಲಿ ಉತ್ತರ ಬಂತು. ಸುಧಾ ಜಗಲಿಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಹೇಳಿದಳು: ವಶದಲ್ಲಿ ಸಾವು ಸಂಭವಿಸಿಲ್ಲ. ಮೂರನೆಯ ದಿನ ಆತ ಅಲ್ಲಿಂದ ಹೊರಟುಹೋದನೆಂದು ಹೆಂಡತಿಯೇ ಹೆಬ್ಬೆಟ್ಟೊತ್ತಿ ತಿಳಿಸಿದ್ದಾಳೆ. ಆಮೇಲೆ ರಸ್ತೆ ಬದಿ ಬಿದ್ದು ಸತ್ತಿರಬಹುದು.

ಹನುಮಕ್ಕ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು, ಮಸಿ ಇನ್ನೂ ಇದ್ದಂತೆ.

"ಹೊರಟೋದ್ರು ಅಂತ ನಾನ್ಯಾವಾಗ್ ಅಂದೆ ತಾಯಿ?"

"ನೀವು 'ಹೋಗ್ಬುಟ್ರು' ಅಂದಿದ್ನೇ ಹಂಗೆ ಬರ್ಕೊಂಡವ್ರೆ ಕಣಕ್ಕಾ. ತಿಳೀದೆ ಬರೆದ್ರೋ, ತಿಳಿದೇ ಬರೆದ್ರೋ."

"ಕಾಲು ನೀಲಿಗಟ್ಟಿದ್ದು ಬರ್ಕೊಂಡಿಲ್ವಾ?"

"ಇಲ್ಲ."

ಹೊಸದಾಗಿ ಹೇಳಿಕೆ ಕೊಟ್ಟರೆ ಮತ್ತೆ ಕಳಿಸಬಹುದು ಎಂದು ಸುಧಾ ರೆಕಾರ್ಡಿಂಗ್ ಹಾಕಿ ಫೋನನ್ನು ಮುಂದೆ ಹಿಡಿದಳು. "ಹೆಸ್ರು ಹೇಳ್ಬೇಕಕ್ಕಾ. ಆ ಮಾತೂ ಹೇಳ್ಬೇಕು."

ಹನುಮಕ್ಕ ಗುಡಿಯ ಕಡೆ ನೋಡಿದಳು. ಕೈ ಎತ್ತಲಿಲ್ಲ.

"ರಾಮಾಂಜಿನಪ್ಪ," ಎಂದಳು. ಕೈ ಹಿಡಿದ ಇಪ್ಪತ್ತೇಳು ವರ್ಷಕ್ಕೆ ಮೊದಲ ಸಲ. "ಅವರ ಕೈಯಾಗೇ ಸತ್ತೋದ್ರು." ಸಾಲದೇನೋ ಎನಿಸಿ ತಮಿಳಿನಲ್ಲೂ ಅಂದಳು: "ಸೆತ್ತುಪೋಯಿಟ್ಟಾರು." ನೆರೆಮನೆಯ ತೆಲುಗಿನಲ್ಲೂ ಅಂದಳು: "ಸಚ್ಚಿಪೋಯಿನಾರು." ಆಮೇಲೆ ಕೇಳಿದಳು, "ಇದ್ರಾಗೆ ಡೆಲ್ಲಿಗೆ ಯಾವ್ದು ತಿಳೀತದೆ ತಾಯಿ?"

ಸುಧಾ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು.

ಅಭ್ಯಾಸಕ್ಕೆ 'ಬುಡ್ತು' ಎಂಬುದು ಹನುಮಕ್ಕನ ನಾಲಿಗೆಯ ತುದಿಗೆ ಬಂತು. ಫೋನು ಇನ್ನೂ ಕೇಳಿಸಿಕೊಳ್ಳುತ್ತಿತ್ತು. ಬಿಟ್ಟು ಕಳಿಸಿದರು ಎಂದು ಬರೆದುಕೊಂಡಾರು. ಅದನ್ನು ನುಂಗಿಕೊಂಡಳು.