ಫೋನಿನಲ್ಲಿ ಕೇಳದ ನಾಲ್ಕು ತಂತಿ

ಡೆಮೊ ಕೆಟ್ಟದ್ದು ನನ್ನ ಬೆರಳಿನಿಂದಲ್ಲ, ಬಾಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಗೆಳೆಯ ಹೇಳುತ್ತಾನೆ, ಅದೂ ಒಗ್ಗರಣೆ ಹಾಕಿ.

ಹಾವೇರಿಯಲ್ಲಿ ನಾನು ಎಲ್ಲರಿಗೂ ಮಿಮಿಕ್ರಿಯವನೆಂದೇ ಗೊತ್ತು. ಬಸ್ ಕಂಡಕ್ಟರ್, ನಮ್ಮ ಓಣಿಯ ಹಿರಿಯರು, ನಮ್ಮಪ್ಪ, ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಬಂದ ನಾನು, ಯಾರನ್ನೂ ಬಿಟ್ಟವನಲ್ಲ. ನಾಮಕರಣ, ಸೀಮಂತ, ಬೀಳ್ಕೊಡುಗೆ, ಎಲ್ಲದಕ್ಕೂ ನನ್ನ ಬಾಯಿಗೆ ಕರೆ ಬರುತ್ತಿತ್ತು. ನನಗೆ ಬೇಕಾದದ್ದು ಬೇರೆ. ಕೆಲವು ವರ್ಷಗಳಿಂದ ನನ್ನಷ್ಟಕ್ಕೆ ನಾನೇ ಬೇಸ್ ಗಿಟಾರ್ ಕಲಿಯುತ್ತಿದ್ದೆ. ನಾಲ್ಕು ದಪ್ಪ ತಂತಿ, ಹಾಡಿನ ತಳದಲ್ಲಿ ಗುಂಯ್‌ಗುಡುವ ದನಿ. ಬಾರಿಸುವವನ ಕಡೆ ಯಾರೂ ನೋಡುವುದಿಲ್ಲ; ಅವನು ನಿಲ್ಲಿಸಿದರೆ ಮಾತ್ರ ಹಾಡು ಕಾಲು ಉಳುಕಿದಂತೆ ಕುಂಟುತ್ತದೆ. ಎಲ್ಲರ ಹಿಂದೆ ನಿಂತು ಬಾರಿಸುವ ಆಸೆ ನನ್ನಂಥ ವಾಚಾಳಿಗೆ ಬಂದಿದೆಯೆಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಬ್ಯಾಡಗಿಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುವವರು ಬಿಟ್ಟು ಹೋಗಿದ್ದರು. ನಮ್ಮ ಸುತ್ತಿನ ಉಳಿದ ತಂಡಗಳಲ್ಲಿ ಕೀಬೋರ್ಡಿನವನ ಎಡಗೈಯೇ ಬೇಸ್; ಅದಕ್ಕೆಂದೇ ಒಬ್ಬನನ್ನು ಇಟ್ಟುಕೊಳ್ಳುವುದು ಇದೊಂದೇ. ಇಲ್ಲಿ ಆಗದಿದ್ದರೆ ಮತ್ತೆ ಸೀಮಂತದ ಮಿಮಿಕ್ರಿಯೇ ಗತಿ. ತಂಡದ ಯಜಮಾನರನ್ನು ಎಲ್ಲರೂ ಮಾಸ್ತರ್ ಅನ್ನುತ್ತಾರೆ. ವೇದಿಕೆಯ ಮೇಲೆ ನಿರೂಪಣೆಯೂ ಅವರದೇ. ಡೆಮೊ ಕಳಿಸಲೇ ಎಂದು ಫೋನು ಮಾಡಿದರೆ ಹೇಳಿದ್ದು ಇಷ್ಟು: "ಬಾರಿಸಿದ್ದನ್ನ ವಾಟ್ಸಾಪಿಗೆ ಹಾಕು, ಕೇಳತೀನಿ."

ನಮ್ಮ ಮನೆಯ ಮುಂದೆ ಬಸ್ಸು, ಹಿಂದೆ ಹಿಟ್ಟಿನ ಗಿರಣಿ. ಸದ್ದಿಲ್ಲದ ಜಾಗ ಕೊಟ್ಟವನು ರಾಣೆಬೆನ್ನೂರಿನ ಗೆಳೆಯ. ಅವರದು ಗಾದಿ, ಹಾಸಿಗೆಯ ಅಂಗಡಿ. ಶುಕ್ರವಾರ ನಮಾಜು, ಊಟ ಮುಗಿಸಿ ಅವರು ಅಂಗಡಿ ತೆರೆಯುವುದು ಸಂಜೆಗೆ. ಗೆಳೆಯನ ತಂದೆ, ನನ್ನ ಪಾಲಿನ ಚಾಚಾ, ಮಾರಾಟಕ್ಕಿಟ್ಟ ಹೊಸ ಗಾದಿಗಳನ್ನು ತಾವೇ ಎಬ್ಬಿಸಿ ನನ್ನ ಸುತ್ತ ಗೋಡೆಯಂತೆ ನಿಲ್ಲಿಸಿದರು. ಬೇರೆಯವರ ಮಗನ ಹುಚ್ಚಿಗೆ ಹೀಗೆ ಅಂಗಡಿಯನ್ನೇ ತಿರುವಿ ಹಾಕುವವರು ಎಲ್ಲಿ ಸಿಗುತ್ತಾರೆ? ಹತ್ತಿ ಹೊರಗಿನ ಸದ್ದನ್ನೆಲ್ಲ ಕುಡಿದುಬಿಟ್ಟಿತು. ನನ್ನ ಉಸಿರು ನನಗೇ ಕೇಳಿಸಿ ಹೆದರಿಕೆಯಾಯಿತು.

ಗೆಳೆಯ ತನ್ನ ಫೋನಿಗೆ ಕಾಲರ್ ಮೈಕ್ ಸಿಕ್ಕಿಸಿ, "ಏನರ ಮಾತಾಡಲೇ, ಮೈಕ್ ನೋಡೂಣು" ಎಂದ. ನಾನು ಮಾಸ್ತರಾದೆ. ಪ್ರತಿ ಹಾಡಿಗೆ ಮೊದಲು ಅವರು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ: "ಹ್ಞಾಂ, ಹ್ಞಾಂ. ಹೆಣ್ಣಿನ ಕಡೆಯವರಿಗೂ, ಗಂಡಿನ ಕಡೆಯವರಿಗೂ, ಪೆಂಡಾಲ್ ಹಾಕಿದವರಿಗೂ ಶರಣು ಶರಣಾರ್ಥಿ. ಉಂಡವರು ಎದ್ದು ಉಣ್ಣದವರಿಗೆ ಕುರ್ಚಿ ಬಿಡ್ರಿ." ಚಾಚಾ ನಕ್ಕು ನಕ್ಕು ಒಂದು ಗಾದಿಯನ್ನು ಬೀಳಿಸಿದರು.

ಆಮೇಲೆ ಗಿಟಾರಿನ ವೈರನ್ನು ಪುಟ್ಟ ಆಂಪ್ಲಿಫೈಯರಿಗೆ ಹಚ್ಚಿ ಬಾರಿಸಿದೆ. ಚಾಚಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಛಲೋ ಐತಿ ಬೇಟಾ. ಇದು ಹಾಡು ಚಾಲೂ ಆಗೂ ಮುಂಚಿಂದೋ, ಮುಗದ ಮ್ಯಾಲಿಂದೋ?"

"ಹಾಡಿನ ಕೆಳಗಿಂದ್ರಿ ಚಾಚಾ."

"ಹಂಗಾರ ಗಾದಿ ಇದ್ದಂಗ. ಮಂದಿ ಚಾದರಾ ಅಷ್ಟ ನೋಡತಾರ."

"ಮೊದಲಿನ ಮಾತು ಕತ್ತರಿಸಿ ಕಳಸಲೇ" ಎಂದು ಗೆಳೆಯ ಎಚ್ಚರಿಸಿದ್ದ. ರೆಕಾರ್ಡಿಂಗನ್ನು ನನ್ನ ಫೋನಿಗೆ ಹಾಕಿಸಿಕೊಂಡು ಕತ್ತರಿಸಿದ ಪ್ರತಿಯನ್ನೂ ಮಾಡಿದೆ. ಆದರೆ ಹಾವೇರಿಯ ಬಸ್ಸಿನಲ್ಲಿ ನನ್ನ ಮಿಮಿಕ್ರಿಗೆ ನಾನೇ ನಗುತ್ತ ಕೂತವನು ಮಾಸ್ತರಿಗೆ ಕಳಿಸಿದ್ದು ಕತ್ತರಿಸದ್ದನ್ನು. ಎರಡು ನೀಲಿ ಗೆರೆ ಬಿದ್ದ ಮೇಲೆ ಗೊತ್ತಾಯಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು: ಫೋನಿನ ಪುಟ್ಟ ಸ್ಪೀಕರಿನಲ್ಲಿ ನನ್ನ ಬಾಯಿ ಖಣಖಣ ಕೇಳುತ್ತದೆ, ಬೇಸ್ ಕೇಳುವುದೇ ಇಲ್ಲ.

ಮರುದಿನ ಉತ್ತರ ಬಂತು: "ಬಾ." ಬೈಸಿಕೊಳ್ಳುವಾಗ ಕೈ ಖಾಲಿ ಇರಬಾರದೆಂದು ಗಿಟಾರನ್ನೂ ಹೊತ್ತುಕೊಂಡು ಹೋದೆ. ಬ್ಯಾಡಗಿಯಲ್ಲಿ ಇಳಿದೊಡನೆ ಮೆಣಸಿನಕಾಯಿ ಘಾಟಿಗೆ ಸೀನಿದೆ. ಅಲ್ಲಿ ಸೀನಿದವನನ್ನು ಯಾರೂ ತಿರುಗಿ ನೋಡುವುದಿಲ್ಲ.

ಮಾಸ್ತರರ ಮನೆಯ ಮಹಡಿಯೇ ಅಭ್ಯಾಸದ ಕೋಣೆ. ತಂಡದವರೆಲ್ಲ ನನ್ನನ್ನು ಕಂಡು ನಗು ನುಂಗಿಕೊಂಡರು. ಮಾಸ್ತರ್ ನಗಲಿಲ್ಲ.

"ನನ್ನ ಭಾಷಣಾ ಖರೇನ ಛಲೋ ಐತಿ. ಅದು ಮುಗದ ಮ್ಯಾಲೆ ಅಷ್ಟೊತ್ತು ಯಾರಿಗೆ ಮೌನ ಶ್ರದ್ಧಾಂಜಲಿ ಮಾಡೀಪಾ?"

"ತಪ್ಪಾತ್ರಿ ಮಾಸ್ತರ್. ಅದರಾಗ ಬೇಸ್ ಐತ್ರಿ. ಫೋನಿನ್ಯಾಗ ಕೇಳೂದಿಲ್ರಿ."

ಅವರು ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದರು. ಮೊದಲು ಅವರದೇ ದನಿ ಓಣಿಗೆಲ್ಲ ಕೇಳುವಂತೆ ಮೊಳಗಿತು. ಕೆಳಗಿನಿಂದ ಅವರ ಮನೆಯವರು ಕೂಗಿದರು: "ಉಣ್ಣಾಕ ಯಾರರ ಬಂದಾರೇನ್ರೀ? ಅಕ್ಕಿ ಹೆಚ್ಚಿಗಿ ಹಾಕ್ಲೇನು?"

ಕೋಣೆಯಲ್ಲಿ ನಗು ತಡೆದದ್ದೆಲ್ಲ ಒಡೆಯಿತು. ಅಷ್ಟರಲ್ಲಿ ಬೇಸ್ ಬಂತು. ನೆಲ ಸಣ್ಣಗೆ ನಡುಗಿತು. ಗಾದಿಗಳ ನಡುವೆ ಹುಟ್ಟಿದ ಒಂದೊಂದು ಸ್ವರವೂ ತೊಳೆದಿಟ್ಟಂತೆ ಕೇಳಿತು. ಮನಸ್ಸಿನಲ್ಲೇ ಚಾಚಾನ ಕಾಲು ಮುಟ್ಟಿದೆ. ಡ್ರಮ್ಮಿನವನ ಬೆರಳು ಮೊಣಕಾಲ ಮೇಲೆ ತಾಳ ಹಿಡಿಯಿತು. ಮಾಸ್ತರ್ ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಹಚ್ಚಿದರು.

"ಇಲ್ಲಿ ಲಯ ಬಿಟ್ಟು ಯಾಕ ಓಡೀದಿ?"

"ಹೆದರಿಕ್ಯಾತ್ರಿ."

ಪೂರ್ತಿ ಕೇಳಿದರು. ನನ್ನ ಮಿಮಿಕ್ರಿ ಕೇಳಿದವರು ಬಹಳ. ನನ್ನ ಬೇಸನ್ನು ಹೀಗೆ ಕಿವಿಗೊಟ್ಟು ಕೇಳಿದ ಸಂಗೀತಗಾರರು ಅವರೇ ಮೊದಲಿಗರು. ಬೇಡ ಅಂದರೂ ಇಷ್ಟಕ್ಕೇ ಕೈಮುಗಿಯಬಹುದಿತ್ತು. ಆದರೆ ಅವರು ಫೋನಿನ ವೈರ್ ಕಿತ್ತು ಸುತ್ತಿಡುವುದನ್ನು ನೋಡಿ ನನ್ನ ಧೈರ್ಯ ಉಡುಗಿತು. ಇಷ್ಟು ವರ್ಷ ಯಾವುದರಿಂದ ತಪ್ಪಿಸಿಕೊಳ್ಳಲು ಒದ್ದಾಡಿದ್ದೆನೋ ಅದನ್ನೇ ಮುಂದಿಟ್ಟೆ.

"ಬೇಸಿಗೆ ಬ್ಯಾಡಾದ್ರ ಇರಲಿ ಬಿಡ್ರಿ ಮಾಸ್ತರ್. ಹಾಡಿನ ನಡುವ ನಿಮ್ಮಂಗ ಮಿಮಿಕ್ರಿನರ ಮಾಡತೀನ್ರಿ."

ಮಾಸ್ತರ್ ಎರಡು ಸಲ ಗಂಟಲು ಸರಿಮಾಡಿಕೊಂಡರು.

"ನನ್ನಂಗ ಮಾತಾಡಾಕ ನಾನ ಅದೀನಿ. ಬೇಸ್ ಬಾರಸಾಕ ಯಾರೂ ಇಲ್ಲ. ಬಾಯಿ ಮುಚ್ಚು, ವೈರ್ ಹಚ್ಚು."