ಸ್ಟುಡಿಯೋ ಮಾಮನ ರಾಕೆಟ್ಟು

ಮೊನ್ನೆ ಮಳೆ ಬಂತೆಂದು ಅಟ್ಟದ ಮೇಲಿನ ಹಳೆಯ ಛತ್ರಿ ಇಳಿಸಿ ಬಿಚ್ಚಿದೆ. ಹೊರಗೆ ಕಪ್ಪು, ಒಳಗೆಲ್ಲ ಬೆಳ್ಳಿ ಬಣ್ಣ. ಮಳೆಗೆಂದು ಮಾಡಿದ ಛತ್ರಿಯಲ್ಲ ಅದು. ಫೋಟೋ ಸ್ಟುಡಿಯೋದಲ್ಲಿ ದೀಪದ ಬೆಳಕನ್ನು ಮುಖದ ಮೇಲೆ ಹರಡಲು ಇಡುತ್ತಾರಲ್ಲ, ಆ ಛತ್ರಿ. ಬಟ್ಟೆಯಿಂದ ಒದ್ದೆ ಕಂಬಳಿಯ ವಾಸನೆ ಬಂದಂತಾಯಿತು. ಇಷ್ಟು ದಿನ ಒಂದು ವಾಸನೆ ಉಳಿದಿರುತ್ತದೆಯೆ? ನನಗೆ ಹಾಗೆ ಅನಿಸಿರಬಹುದು, ಅಷ್ಟೇ...

ಅದು ಹೊಳಲ್ಕೆರೆಯ ಸ್ಟುಡಿಯೋ ಮಾಮನದು. ಸಂಬಂಧದಲ್ಲಿ ಮಾಮನಲ್ಲ, ನಮ್ಮ ಮನೆಯ ಎದುರಿಗೇ ಅವರ ಅಂಗಡಿ, ಹಾಗಾಗಿ ಮಾಮ. ಮದುವೆಗಳಿಗೆ ಡ್ರೋನ್ ಹಾರಿಸುವವರು ದೊಡ್ಡ ಊರುಗಳಿಂದ ಬರತೊಡಗಿದ ಮೇಲೆ ಅವರಿಗೆ ಉಳಿದದ್ದು ಸಾವಿನ ಮನೆಗಳು. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಮನೆಯವರು ಪಕ್ಕದಲ್ಲಿ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಅಳುವವರ ಭುಜ ನಿಲ್ಲುವುದಿಲ್ಲ. ಮಾಮ ಮೆಲ್ಲಗೆ, "ಒಂದ್ ಗಳಿಗಿ ಅಲುಗಾಡಬ್ಯಾಡ್ರಿ" ಎನ್ನುತ್ತಿದ್ದರು. ಅಪ್ಪನನ್ನು ಕೂರಿಸಿದ ದಿನ ನನಗೂ ಹಾಗೆಯೇ ಹೇಳಿದ್ದರು.

ಬರಬರುತ್ತ ಅವರು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬೀದಿಗಿಳಿದರೆ ಸಾಕು, ಜನ "ಯಾರು ಹೋದ್ರಣ್ಣ?" ಎಂದು ಕೇಳುವಂತಾಯಿತು. ಮಾಮ ನಕ್ಕು ಮುಂದೆ ನಡೆಯುತ್ತಿದ್ದರು. ಒಂದು ದಿನ ಮಾತ್ರ ನನ್ನೆದುರು, "ಕುಂತೋರ್ನೇ ತೆಗೆದು ತೆಗೆದು ಸಾಕಾತಮ್ಮ. ಒಂದ್ಸಲ ಏಳೋದನ್ನ ತೆಗೀಬೇಕು. ಅಂಗಡಿ ಗಾಜಿನಾಗೆ ಹಾಕ್ಬೇಕು. ನೋಡಿದೋರು ಬ್ಯಾರೆ ಏನಾರ ಕೇಳ್ಲಿ" ಅಂದರು. ಶ್ರೀಹರಿಕೋಟಾದಿಂದ ಸಂಜೆ ಎದ್ದ ರಾಕೆಟ್ಟು ಬೆಂಗಳೂರಿನ ಮಹಡಿಗಳಿಗೆ ಕಂಡಿತೆಂಬ ವಿಡಿಯೋ ಅವರ ಫೋನಿಗೆ ಬಂದಿತ್ತು. ನಮ್ಮೂರ ಹತ್ತಿರದ ರಾಮಗಿರಿ ಬೆಟ್ಟಕ್ಕೆ ಯಾಕೆ ಕಾಣಬಾರದು ಎಂಬುದು ಅವರ ವಾದ.

ತಯಾರಿ ಶುರುವಾಯಿತು. ಬೆಟ್ಟ ಹತ್ತಿ, ಕೆಳಗೆ ಸ್ಟೇಷನ್ ಬಿಟ್ಟು ಹೋಗುವ ಸಂಜೆಯ ರೈಲಿನ ದೀಪ ಫೋಟೋದಲ್ಲಿ ಒಂದೇ ಗೆರೆಯಾಗಿ ಮೂಡುವವರೆಗೆ ಶಟರ್ ತೆರೆದಿಡುವುದನ್ನು ಕಲಿತರು. ಮೊದಲ ಸಲ ಮಳೆಯ ಕಾರಣಕ್ಕೆ ಶ್ರೀಹರಿಕೋಟಾದವರು ಉಡಾವಣೆಯನ್ನೇ ಮುಂದೆ ಹಾಕಿದರು. ಮತ್ತೆ ದಿನ ಗೊತ್ತಾದಾಗಲೂ ನಮ್ಮ ಮೂಡಣ ದಿಕ್ಕಿಗೆ ಮೋಡ. "ಹೋಗಾಣ ಬಾರಮ್ಮ. ಅಲ್ಲಿಗೆ ಹೋಗೋದ್ರೊಳಗೆ ಮೋಡಕ್ಕೂ ಬ್ಯಾಸರ ಆಗ್ತೈತೆ" ಅಂದರು.

ಬಸ್ಸಿನಲ್ಲಿ ಕಂಡಕ್ಟರ್ ಟ್ರೈಪಾಡ್ ನೋಡಿ ದನಿ ತಗ್ಗಿಸಿದ. "ರಾಮಗಿರಿಯಾಗೆ ಯಾರು ಹೋದ್ರಣ್ಣ?"

"ಇನ್ನೂ ಹೋಗಿಲ್ಲಪ್ಪ. ಸಂಜಿಗೆ ಹೋಗ್ತೈತೆ."

ಅವನು ಟಿಕೆಟ್ ಕೊಡುವುದನ್ನೇ ಮರೆತು ನಿಂತ.

ಬೆಟ್ಟದ ಮೇಲೆ ಕುರಿ ಮೇಯಿಸುವ ಅಜ್ಜನೊಬ್ಬ ಕೂತಿದ್ದ. ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಹನಿ ಬಿತ್ತು. ಮನೆಯ ಛತ್ರಿ ಎಂದುಕೊಂಡು ಮಾಮ ಅವಸರದಲ್ಲಿ ಸ್ಟುಡಿಯೋದ ಛತ್ರಿ ಎತ್ತಿಕೊಂಡು ಬಂದಿದ್ದರು. ತೆಳು ಬಟ್ಟೆ, ಸ್ವಲ್ಪ ಹೊತ್ತಿಗೇ ಸೋರತೊಡಗಿತು.

"ಏನ್ ಸಾವ್ಕಾರ್ರೆ, ಬೆಳ್ಳಿ ಛತ್ರಿ ತಂದೀರಿ, ನೀರೇ ತಡಿಯಲ್ವಲ್ರಿ!" ಎಂದು ನಕ್ಕ ಅಜ್ಜ ತನ್ನ ಕಂಬಳಿ ಬಿಚ್ಚಿ ಛತ್ರಿಯ ಮೇಲೆ ಹೊದಿಸಿದ. "ಯಂತ್ರ ನೆನೀಬಾರ್ದು. ನಮ್ಗೇನು, ನೆನದ್ರೆ ಒಣಗ್ತೀವಿ."

ಫೋನಿನ ನೇರಪ್ರಸಾರದಲ್ಲಿ ರಾಕೆಟ್ ಎದ್ದಿತು. ನಮ್ಮೆದುರು ಮೋಡ ಹಾಗೇ ಇತ್ತು. ಕಾದೆವು. ಮೋಡದ ಎರಡು ಪದರಗಳ ನಡುವೆ ಕಿತ್ತಳೆ ಬಣ್ಣದ ಒಂದು ಎಳೆ... "ಅಗೋ, ಅಗೋ!" ಎಂದು ಅಜ್ಜ ಕೋಲೆತ್ತಿದ. ಮಾಮ ಶಟರ್ ಒತ್ತಿದವರೇ, ಆಕಾಶಕ್ಕೆ, "ಅಲುಗಾಡಬ್ಯಾಡ್ರಿ" ಎಂದುಬಿಟ್ಟರು. ಮೂವರೂ ನಕ್ಕೆವು. ಆ ಎಳೆಯನ್ನು ನಾನು ಕಂಡೆನೋ, ಅಜ್ಜನ ಕೂಗಿಗೆ ಕಂಡಂತಾಯಿತೋ, ಆಮೇಲೆ ಟಿವಿಯಲ್ಲಿ ನೋಡಿದ್ದನ್ನೇ ಬೆಟ್ಟಕ್ಕೆ ತಂದುಕೊಂಡೆನೋ, ಆಣೆ ಮಾಡಿ ಹೇಳಲಾರೆ. ಆ ಮಾತು ಕೇಳಿಸಿದ್ದು ಮಾತ್ರ ನಿಜ.

ಫೋಟೋದಲ್ಲಿ ಬಂದದ್ದು ಮೋಡ, ಅದರೊಳಗೆ ಕಲಸಿಹೋದ ಬೆಳಕು. ರಾಕೆಟ್ಟೋ ಮಿಂಚೋ ತಿಳಿಯುವಂತಿರಲಿಲ್ಲ. ಆದರೂ ಮಾಮ ಅದನ್ನು ಗಾಜಿನೊಳಗೆ ಹಾಕಿದರು. ಜನ ನಿಂತು, "ಇದೇನ್ರಿ?" ಎಂದು ಕೇಳಿದರು. ಅಷ್ಟೇ ಅವರಿಗೆ ಸಾಕಾಗಿತ್ತು ಎಂದು ಬರೆಯಲು ಮನಸ್ಸಾಗುತ್ತದೆ. ಸಾಕಾಗಿರಲಿಲ್ಲ. "ಚಳಿಗಾಲ ಬರ್ಲಿ, ಆಕಾಶ ತೊಳೆದಂಗಿರ್ತೈತೆ. ಗೆರಿ ಸಿಕ್ಕೇ ಸಿಗ್ತೈತೆ" ಅನ್ನುತ್ತಿದ್ದರು.

ಚಳಿಗಾಲಕ್ಕೆ ಮೊದಲೇ ಒಂದು ಬೆಳಿಗ್ಗೆ ಅವರ ಹೃದಯ ನಿಂತುಹೋಯಿತು. ಅವರನ್ನೂ ಕೂರಿಸಿದರು. ಮಾಮನ ಹೆಂಡತಿ ಅವರ ಕ್ಯಾಮೆರಾವನ್ನು ತಂದು ನನ್ನ ಕೈಗಿಟ್ಟು, "ಫೋನಿನಾಗೆ ಬ್ಯಾಡ, ಇದ್ರಾಗೇ ತೆಗಿಯಮ್ಮ" ಎಂದರು. ಆಗಷ್ಟೇ ಬಸ್ಸಿಳಿದು ಬಂದ ಯಾರೋ ಬಾಗಿಲಲ್ಲಿ ನನ್ನ ಕೈಯ ಕ್ಯಾಮೆರಾ ನೋಡಿ ಕೇಳಿದರು: "ಯಾರು ಹೋದ್ರಮ್ಮ?"

ನಾನು ಕ್ಯಾಮೆರಾವನ್ನು ಕಣ್ಣಿಗೇರಿಸಿದೆ.

ಆ ಫೋಟೋದಲ್ಲಿ ಮಾಮನ ಮುಖ ಸಿಕ್ಕಿಲ್ಲ. ಹೂವಿನ ಬಣ್ಣಗಳ ನಡುವೆ ಕಲಸಿಹೋದ ಬೆಳಕಿದೆ. ಕೂತವರು ಅಲುಗಿರಲಿಲ್ಲ, ಹಿಡಿದ ಕೈ ಅಲುಗಿತ್ತು. "ಅಲುಗಾಡಬ್ಯಾಡ್ರಿ" ಎನ್ನುವವರು ಇರಲಿಲ್ಲ.

ಅಂಗಡಿ ಖಾಲಿ ಮಾಡುವಾಗ ಮಾಮನ ಹೆಂಡತಿ ಈ ಛತ್ರಿಯನ್ನು ನನಗೆ ಕೊಟ್ಟರು. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಮೊನ್ನೆ ಛತ್ರಿ ಹಿಡಿದು ಅದರ ಎದುರು ನಿಂತೆ. ಮೂಡಣಕ್ಕೆ ಮೋಡ ಕಟ್ಟಿತ್ತು. ಬೆಳ್ಳಿಯ ಬಟ್ಟೆ ಮೊದಲಿನಂತೆಯೇ ಸೋರತೊಡಗಿತು. ಮೇಲೆ ಹೊದಿಸಲು ಕಂಬಳಿ ಇರಲಿಲ್ಲ, ಕೆಳಗೆ ಕ್ಯಾಮೆರಾವೂ ಇರಲಿಲ್ಲ... ಅಲುಗದೆ ನಿಂತು ನೆನೆದೆ.