ಮಳೆಗಾಲದಲ್ಲೂ ಒಣಗಿರುವ ಜಾಗ

ಹೋದ ವಾರ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಎಲ್ಲಿಂದಲೋ ತೊಯ್ದ ಕರಿ ಕಂಬಳಿಯ ವಾಸನೆ ಬಂತು. ಕುರಿ, ಒಲೆಯ ಹೊಗೆ, ಹಳೆಯ ಎಣ್ಣೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಮಳೆಯಲ್ಲಿಟ್ಟರೆ ಬರುವಂಥ ವಾಸನೆ. ಮೊದಲು ನನ್ನ ಮೇಲೆಯೇ ಸಂಶಯ ಬಂದು ಕಂಕುಳು ಮೂಸಿ ನೋಡಿಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಅದನ್ನು ಕಂಡು ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಆಮೇಲೆ ನೋಡಿದರೆ, ಕಂಬದ ಹಿಂದೆ ಒಬ್ಬ ಮುದುಕ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದ. ಎದ್ದು ಹತ್ತಿರ ಹೋದೆ. ಅವರಲ್ಲ... ಬೇರೆ ಯಾರೋ.

ನಾನು ಕಾಕಾ ಎಂದು ಕರೆಯುತ್ತಿದ್ದ ಒಬ್ಬ ಕುರಿಗಾಹಿ ಇದ್ದರು. ಮಳೆಗಾಲದಲ್ಲಿ ಅವರ ಕುರಿಗಳಿಗೆ ನಿಲ್ಲಲು ಒಂದೇ ಒಂದು ಒಣ ಜಾಗವಿತ್ತು. ಅದನ್ನು ನಾನು ಕಿತ್ತುಕೊಂಡೆ. ಕೈಯಿಂದಲ್ಲ, ಬಾಯಿಂದ.

ಆಗ ಡಿಗ್ರಿ ಮುಗಿಸಿ ಸಿಂದಗಿಯಲ್ಲಿ ಎಲ್ಲರ ದನಿ ತೆಗೆದು ಅಣಕಿಸುತ್ತ ತಿರುಗುವುದೇ ನನ್ನ ಉದ್ಯೋಗವಾಗಿತ್ತು. ಟಿಕೆಟ್ ಕೊಡುವಾಗ ಮೂಗಿನಲ್ಲಿ ಮಾತಾಡುವ ಕಂಡಕ್ಟರ್, ಮೈಕು ಕಂಡರೆ ಗದ್ಗದಿತರಾಗುವ ಪ್ರಿನ್ಸಿಪಾಲರು, ಊಟ ತಡವಾದಾಗ ಎದ್ದು ನಿಲ್ಲುವ ಬೀಗರು, ನಮ್ಮ ಅವ್ವ, ಯಾರನ್ನೂ ಬಿಟ್ಟಿರಲಿಲ್ಲ. ಇಂಟರ್‌ವ್ಯೂಗೆ ಹೋದಾಗ ಹೊರಡುವ ನನ್ನದೇ ನುಣುಪು ದನಿಯನ್ನೂ ಅಣಕಿಸುತ್ತಿದ್ದೆ. ಜನ ಅದಕ್ಕೇ ಹೆಚ್ಚು ನಗುತ್ತಿದ್ದರು, ಯಾಕೆಂದರೆ ಒಂದು ಇಂಟರ್‌ವ್ಯೂ ಕೂಡ ಪಾಸಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ಹೊರಗಿನ ಒಂದು ಪ್ರವಾಸ ಕಂಪನಿ ನನಗೆ ಕೆಲಸ ಒಪ್ಪಿಸಿತು. ಒಳಗೇ ಹಾಸಿಗೆ, ಒಲೆ, ಸಂಡಾಸು ಎಲ್ಲ ಇರುವ ವ್ಯಾನುಗಳನ್ನು ಬಾಡಿಗೆಗೆ ಕೊಡುವ ಕಂಪನಿ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಅಂಥ ವ್ಯಾನು ನಿಲ್ಲಿಸಿಕೊಂಡು ಎರಡು ದಿನ ನೆಮ್ಮದಿಯಾಗಿ ಇರಬಹುದಾದ ಹನ್ನೆರಡು ಜಾಗ ಹುಡುಕಬೇಕು, ಫೋನಿನ ನಕಾಶೆಯಲ್ಲಿ ಗುರುತು ಹಾಕಬೇಕು. ಪಟ್ಟಿ ಒಪ್ಪಿಗೆಯಾದರೆ ನೌಕರಿ ಕಾಯಂ.

ನಾನು ಬೈಕು ಹತ್ತಿ ಹೊರಟೆ. ಎಲ್ಲಿ ನಿಂತರೂ ಜನ ನನ್ನನ್ನು ಸಂಶಯದಿಂದಲೇ ನೋಡಿದರು. ಸಾಲೋಟಗಿಯ ಹತ್ತಿರ ನಿಂಬೆ ತೋಟದ ಯಜಮಾನ ನನ್ನ ಚೀಲ ಬಿಚ್ಚಿಸಿ ನೋಡಿದ. ಮುಳವಾಡದ ಕಡೆ ನೆಲಕ್ಕೆ ಟೇಪು ಹಿಡಿದದ್ದೇ ತಡ, ನಾಲ್ಕು ಮಂದಿ ಸುತ್ತುವರಿದರು.

"ಮತ್ತೊಂದ್ ಕಾಲುವಿ ಬರತೈತೇನು?" ಎಂದ ಒಬ್ಬ, ಕಾಲುವೆಗೆ ಹೊಲ ಕಳೆದುಕೊಂಡವನಿರಬೇಕು.

"ಇಲ್ರಿ. ಗಾಡಿ ನಿಂದರತಾವೇನಂತ ನೋಡಾಕತ್ತೇನಿ."

"ಮೊದಲ ಬಂದವ್ರೂ ನೋಡಾಕತ್ತೇವಂತನ ಅಂದಿದ್ರು. ಟೇಪ್ ಮಡಚು ಮೊದಲ."

ಮಡಚಿದೆ. ಅವರ ಮೇಲೆ ನನಗೂ ಸಂಶಯವೇ. ಯಾರಾದರೂ 'ಇಲ್ಲೇನೂ ಚಲೋ ಜಾಗ ಇಲ್ಲ' ಎಂದರೆ ಸಾಕು, ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಕಾಕಾ ಸಿಕ್ಕಿದ್ದು ಯಂಕಂಚಿಯ ಆಚೆ, ಜೋಳ ಕೊಯ್ದ ಹೊಲದಲ್ಲಿ. ಅವರು ಹೊಲದಿಂದ ಹೊಲಕ್ಕೆ ಕುರಿ ತರಬುತ್ತ ನಾಲ್ಕೂ ತಾಲೂಕು ಸುತ್ತುತ್ತಿದ್ದರು. ಹಿಂಡು ಒಂದೆರಡು ದಿನ ಹೊಲದಲ್ಲೇ ತಂಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಜೋಳ ಕೊಡುತ್ತಾರೆ. ನನ್ನನ್ನು ಕಂಡವರೇ ಕಾಕಾ ಮಾತಿಗೆ ಮೊದಲು ಒಂದು ಇದ್ದಿಲು ಚೂರು ತೆಗೆದು ಬಂಡೆಯ ಮೇಲೆ ನನ್ನ ಬೈಕಿನ ನಂಬರು ಬರೆದುಕೊಂಡರು. ಕುರಿ ಕಳ್ಳರು ಈಗ ಬೈಕಿನಲ್ಲೇ ಬರುತ್ತಾರಂತೆ.

ನಾನು ವ್ಯಾನಿನ ಸಂಗತಿ ವಿವರಿಸಿದೆ. ಅವರು ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಏನೇ ಹೇಳುವುದಿದ್ದರೂ ಆ ಎರಡು ಕೆಮ್ಮು ಮೊದಲು ಬರುತ್ತಿದ್ದವು.

"ಮನಿ ಇದ್ದವ್ರು ಮನಿ ಹೊತ್ಕೊಂಡು ಯಾಕ ತಿರಗ್ತಾರೋ?"

"ಮನಸಿಗಿ ಆರಾಮ ಆಗ್ಲೆಂತ್ರಿ ಕಾಕಾ."

"ಅವ್ರ ಹಂತ್ಯಾಕ ಕುರಿ ಎಷ್ಟದಾವ?"

"ಕುರಿ ಇಲ್ರಿ."

ಅವರು ಬಹಳ ಹೊತ್ತು ಯೋಚಿಸಿದರು. "ಕುರಿ ಇಲ್ಲದ ತಿರಗ್ತಾರಂದ್ರ ಏನೋ ಐತಿ ತಮ್ಮಾ. ನೀ ಹುಷಾರ್ ಇರು."

ಆದರೂ ನನ್ನ ಮೇಲೆ ಅದೇಕೋ ಕನಿಕರ ಹುಟ್ಟಿರಬೇಕು. ಆ ಬೇಸಿಗೆಯಲ್ಲಿ ವಾರಕ್ಕೊಂದು ಸಲ ಅವರ ಹಿಂಡು ಇರುವಲ್ಲಿಗೆ ಹೋಗುತ್ತಿದ್ದೆ. ನೆಲ ನೋಡುವುದನ್ನು ಕಲಿಸಿದವರು ಅವರೇ. ನಾಯಿ ಮೂರು ಸುತ್ತು ಹಾಕಿ ಎಲ್ಲಿ ಮಲಗುತ್ತದೋ ಅದನ್ನು ನೋಡು. ಇರುವೆ ಗೂಡಿನ ಬಾಯಿ ಯಾವ ಕಡೆಗಿದೆ ನೋಡು. ಹಳ್ಳದ ದಂಡೆಯ ಜಾಲಿ ಮುಳ್ಳಿಗೆ ಎಷ್ಟೆತ್ತರಕ್ಕೆ ಕಸ ಸಿಕ್ಕಿಕೊಂಡಿದೆಯೋ, ಅಷ್ಟೆತ್ತರ ನೀರು ಬಂದಿತ್ತು ಎಂದು ತಿಳಿ. ನಂತರ ಅಂಗಾತ ಮಲಗು. ನಾನು ಮಲಗುತ್ತಿದ್ದೆ. ಅವರು ಪಕ್ಕದಲ್ಲಿ ನಿಂತು, "ಬೆನ್ನೇನ್ ಅಂತೈತಿ?" ಎಂದು ಕೇಳುತ್ತಿದ್ದರು. ನನ್ನ ಬೆನ್ನು ಪ್ರತಿ ಸಲವೂ ಇಲ್ಲಿಂದ ಏಳು ಎನ್ನುತ್ತಿತ್ತು. ಹಾಗೆಯೇ ಹನ್ನೊಂದು ಜಾಗ ಕೂಡಿದವು. ಭೀಮಾ ತೀರದ ಬೇವಿನ ನೆರಳು, ಹಿನ್ನೀರು ಕಾಣುವ ದಿಬ್ಬ, ಹಾಳುಬಿದ್ದ ಖಣಿಯ ಪಕ್ಕದ ಹರಳುಗಲ್ಲಿನ ಗರಸು ನೆಲ... ಎಲ್ಲ ಅವರೇ ತೋರಿಸಿದ್ದು.

ಹನ್ನೆರಡನೆಯದನ್ನು ನಾನೇ ಹುಡುಕಿದೆ. ಡೋಣಿ ಹೊಳೆಯ ಹತ್ತಿರ, ನೋಡಿದಷ್ಟು ದೂರ ಸಮ ನೆಲ, ನಡುವೆ ಒಂದೇ ಮರ. ಕಂಪನಿಯ ಇಬ್ಬರು ಪರೀಕ್ಷೆಗೆಂದು ವ್ಯಾನು ತಂದು ಅಲ್ಲಿ ನಿಲ್ಲಿಸಿದರು, ಫೋಟೋ ತೆಗೆದರು, ನನ್ನ ಬೆನ್ನು ತಟ್ಟಿದರು. ಮಧ್ಯಾಹ್ನ ಅರ್ಧ ತಾಸು ಮಳೆ ಬಿತ್ತು. ಎರಿ ಮಣ್ಣು ವ್ಯಾನನ್ನು ಬಾಗಿಲ ತನಕ ನುಂಗಿತು. ಎಳೆಯಲು ಬಂದ ಟ್ರಾಕ್ಟರೂ ಹುಗಿದು ಹೋಯಿತು. ಟ್ರಾಕ್ಟರಿನವನು ನನ್ನನ್ನು ನೋಡಿದ ನೋಟವನ್ನು ಈಗಲೂ ಅಣಕಿಸಿ ತೋರಿಸಬಲ್ಲೆ. ವ್ಯಾನು ಹೊರಬರುವಷ್ಟರಲ್ಲಿ ನಾಲ್ಕು ದಿನ ಕಳೆದಿದ್ದವು. ಕಂಪನಿಯವರು ಹೊರಡುವಾಗ ಒಂದೇ ಮಾತು ಹೇಳಿದರು: ಮಳೆಗಾಲದಲ್ಲೂ ಚಕ್ರ ಹುಗಿಯದ ಒಂದು ಜಾಗ ಇಲ್ಲದಿದ್ದರೆ ಈ ಪಟ್ಟಿ ನಡೆಯುವುದಿಲ್ಲ.

ಓಡಿ ಕಾಕಾನ ಬಳಿ ಹೋದೆ.

"ಮಳಿಗಾಲದಾಗ ಮನ್ಯಾಗ ಇರ್ರಿ ಅಂತ ಹೇಳು ಅವ್ರಿಗಿ," ಎಂದರು.

"ನೀವು ಇರ್ತೀರೇನ್ರಿ ಮನ್ಯಾಗ?"

ಕೆಮ್ಮಲಿಲ್ಲ. ಎದ್ದು ಕುರಿಗಳ ಕಡೆ ಹೋದರು.

ನನಗೆ ಅಲ್ಲೇ ಸಂಶಯ ಹತ್ತಿತು. ಇಷ್ಟು ಕುರಿಗಳು ಮಳೆಗಾಲದಲ್ಲಿ ಆಕಾಶಕ್ಕಂತೂ ಹೋಗುವುದಿಲ್ಲ. ಮುಂದಿನ ವಾರ ಹಿಂಡು ಅರ್ಧವಾಗಿತ್ತು. ಗಬ್ಬದ ಕುರಿಗಳನ್ನು ಹೊಡೆದುಕೊಂಡು ಒಡಹುಟ್ಟಿದ ತಮ್ಮ ಮೊದಲೇ ಹೋಗಿದ್ದಾನೆ ಎಂದರು. ಎಲ್ಲಿಗೆ ಎಂದೆ. "ಆ ಕಡಿ," ಎಂದು ಕೈ ಬೀಸಿದರು. ಅವರ ಕೈ ಬೀಸಿದ ಕಡೆ ಅರ್ಧ ಜಿಲ್ಲೆಯಿತ್ತು.

"ಕಾಕಾ, ನನ್ನ ಮ್ಯಾಲ ಡೌಟ್ ಪಡಬ್ಯಾಡ್ರಿ. ನಾ ನಿಮ್ಮ ಮಗ ಇದ್ದಂಗ," ಎಂದೆ. ಇಂಟರ್‌ವ್ಯೂಗೆ ಹೋಗುವ ದನಿಯಲ್ಲೇ ಎಂದೆ.

"ಮಗ ಇದ್ದಂಗ ಇರು. ಜಾಗ ಕೇಳಬ್ಯಾಡ. ಅಲ್ಲಿ ಕುರಿ ಈಯ್ತಾವು. ಮಂದಿ, ಗಾಡಿ, ನಾಯಿ ಬಂದ್ರ ನಡ್ಯೂದಿಲ್ಲ. ಮಳ್ಯಾಗ ನನಗ ಎಲ್ಡನೇ ಜಾಗ ಇಲ್ಲ ತಮ್ಮಾ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ... ಪ್ರತಿಯೊಂದು ಅಕ್ಷರ ಕೇಳಿಸಿತ್ತು. ಆದರೆ ನನ್ನ ತಲೆ ಅದನ್ನು ಬೇರೆ ಥರ ಓದಿತು. ಮುದುಕ ಈ ಜಾಗವನ್ನು ಬೇರೆ ಯಾವುದೋ ಕಂಪನಿಗೆ ಇಟ್ಟುಕೊಂಡಿದ್ದಾನೆ ಎಂದಿತು.

ಕಾಕಾ ಫೋನು ಇಟ್ಟುಕೊಂಡಿರಲಿಲ್ಲ. ದಾರಿಯಲ್ಲಿ ಸಿಕ್ಕವರ ಫೋನು ಇಸಿದುಕೊಂಡು ತಮ್ಮನಿಗೆ ಹಚ್ಚಿಸುತ್ತಿದ್ದರು. ಒಂದು ಸಲ ನನ್ನ ಫೋನಿನಿಂದಲೂ ಹಚ್ಚಿದ್ದರಿಂದ ತಮ್ಮನ ನಂಬರು ನನ್ನಲ್ಲಿತ್ತು. ಒಂದು ಮಧ್ಯಾಹ್ನ ಸಿಂದಗಿಯ ನಮ್ಮ ಮನೆಯ ಮಾಳಿಗೆ ಹತ್ತಿ, ಫೋನನ್ನು ಅವರ ಹಾಗೆಯೇ ಬಾಯಿಂದ ಒಂದು ಗೇಣು ದೂರ ಹಿಡಿದು, ಎರಡು ಸಲ ಕೆಮ್ಮಿದೆ.

"ಏ, ನಾ ಅದೀನಿ."

"ಅಣ್ಣಾ? ಯಾರ ಫೋನದು?"

"ಅದ ಆ ವ್ಯಾನಿನ ಹುಚ್ಚಂದು."

"ಇನ್ನೂ ಬೆನ್ನ ಬಿಟ್ಟಿಲ್ಲೇನವ? ಅವ್ನ ಮುಂದ ಜಾಗದ ಸುದ್ದಿ ತಗೀಬ್ಯಾಡ ಮತ್ತ. ನಂಬಿಗಸ್ತ ಮಂದಿ ಅಲ್ಲ ಅವ್ರು."

"ನನಗೇನ್ ಬುದ್ಧಿ ಇಲ್ಲೇನು," ಎಂದೆ. ನಗು ತಡೆಯಲು ತುಟಿ ಕಚ್ಚಿಕೊಂಡೆ. "ಅವ ದೂರ ಅದಾನ. ಅದಿರ್ಲಿ, ಮೇವು ಕಳಸಾಕತ್ತೇನಿ. ಈ ಟೆಂಪೋದವಂಗ ಹಾದಿ ತಿಳೀವಲ್ದು. ಹಾದಿ ಹೇಳು, ಅವಂಗ ಬರಸ್ತೇನಿ."

ಅವನು ಹೇಳಿದ. ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಬರುವಾಗ ಕಾಲುವೆ ದಾಟಿ ಎಡಕ್ಕೆ, ಜೋಡು ಬೇವು, ಮಡ್ಡಿಯ ದಿಬ್ಬದ ಮೇಲೆ ಗಾಯರಾಣ. ಊರಿನವರಿಗೆಲ್ಲ ಸೇರಿದ ಆ ಮೇವಿನ ಬಯಲಿನ ದಾರಿಯನ್ನು ಒಂದೊಂದು ತಿರುವು ಬಿಡದೆ ಹೇಳಿದ. ಕೊನೆಗೆ, "ಅಣ್ಣಾ, ಕೆಮ್ಮು ಜಾಸ್ತಿ ಆಗೈತಿ, ಶುಂಠಿ ಹಾಕ್ಕೊಂಡ್ ಕುಡಿ," ಎಂದ.

ಗೆಳೆಯರ ಮುಂದೆ ಈ ಕರೆಯನ್ನು ಹತ್ತು ಸಲವಾದರೂ ಆಡಿ ತೋರಿಸಿರಬೇಕು. ಶುಂಠಿಯ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಜಾಗ ನಿಜಕ್ಕೂ ಚೆಂದವಿತ್ತು. ಸುತ್ತ ಕಣ್ಣು ಹರಿಯುವವರೆಗೆ ಕಪ್ಪು ಎರಿ, ನಡುವೆ ಕೆಂಪು ಗರಸಿನ ಒಂದು ದಿಬ್ಬ, ಅದರ ಬುಡದಲ್ಲಿ ಬತ್ತದ ಒರತೆ. ಹಿಂದಿನ ದಿನ ಮಳೆ ಬಿದ್ದಿದ್ದರೂ ನನ್ನ ಚಪ್ಪಲಿಗೆ ಮಣ್ಣು ಹತ್ತಲಿಲ್ಲ. ಕಾಕಾನ ತಮ್ಮ ಕುರಿ ಮೇಯಿಸಲು ಹೋದ ಹೊತ್ತು ನೋಡಿ ಫೋಟೋ ತೆಗೆದು ಗುರುತು ಹಾಕಿ ಕಳಿಸಿದೆ. ನೌಕರಿ ಕಾಯಂ ಆಯಿತು.

ಮುಂದಿನ ಮಳೆಗಾಲದೊಳಗೆ ವ್ಯಾನುಗಳು ಬರತೊಡಗಿದ್ದವು. ಕೆಳಗಿನ ಊರಿನವರು ಸೇರಿ ದಿಬ್ಬಕ್ಕೆ ಸರಪಳಿ ಹಾಕಿದರು, ನೀರಿನ ಟಾಕಿ ಕೂಡಿಸಿದರು, ಬೋರ್ಡು ನೆಟ್ಟರು. ಬಂದವರು ಹಿಕ್ಕೆಯ ವಾಸನೆಗೆ ಮೂಗು ಮುಚ್ಚುತ್ತಾರೆ ಎಂದು ಕುರಿಗಳನ್ನು ಬೇಡ ಎಂದರು. ಅವರನ್ನು ದೂರಲಾರೆ. ಅಲ್ಲಿಯವರೆಗೆ ಅವರ ಊರಿಗೆ ಯಾರು ತಾನೆ ಬಂದಿದ್ದರು?

ಕಾಕಾ ನನ್ನನ್ನು ಹುಡುಕಿಕೊಂಡು ಸಿಂದಗಿಗೆ ಬಂದರು. ನಾನು ಚಹಾದಂಗಡಿಯ ಮುಂದೆ ನಾಲ್ಕಾರು ಗೆಳೆಯರ ನಡುವೆ ಇದ್ದೆ. ಕಾಕಾನ ಕಾಲು ಮೊಣಕಾಲಿನವರೆಗೆ ಎರಿ ಕೆಸರಿನಿಂದ ಕಪ್ಪಾಗಿತ್ತು. ಬೈಯುತ್ತಾರೆ ಎಂದು ಕಾದೆ. ಬೆಂಚಿನ ತುದಿಗೆ ಕುಳಿತು ನೀರು ಕೇಳಿದರು, ಕುಡಿದರು.

"ಮರಿಗೋಳು ನಿಂದರಲಿಲ್ಲ ತಮ್ಮಾ," ಎಂದರು. "ಎರ್ಯಾಗ ಹುಟ್ಟಿದ ಮರಿ ಕಾಲ ಹುಗೀತಾವು. ತಾಯಿ ಮುಂದ ಇರತೈತಿ, ಮೊಲಿಗಿ ಬಾಯಿ ಮುಟ್ಟೂದಿಲ್ಲ. ಎತ್ತಿ ಎತ್ತಿ ಹಚ್ಚಿದ್ವಿ. ಎಷ್ಟ್ ಮರಿ ಎತ್ತೂದು, ಇಬ್ರು ಮನಷ್ಯಾರು?"

ನಾನು ಅವರ ಗ್ಲಾಸಿಗೆ ಮತ್ತೆ ನೀರು ಹಾಕಿದೆ.

"ನನ್ನ ದನಿ ಭಾಳ ಚಲೋ ತಗೀತಿಯಂತ. ಒಡಹುಟ್ಟಿದವಂಗ ಗೊತ್ತಾಗಿಲ್ಲ ಅಂದ್ರ ಸಣ್ಣ ಮಾತಲ್ಲ. ತಗಿ ನೋಡೂಣು. ನಾನೂ ಒಮ್ಮಿ ಕೇಳ್ತೇನಿ."

ಗೆಳೆಯನೊಬ್ಬ, ಏನೂ ತಿಳಿಯದೆ, "ತಗಿಯೋ, ಶುಂಠಿದು ತಗಿ," ಎಂದ. ನಾನು ಚಹಾದ ಗ್ಲಾಸಿನೊಳಗೆ ನೋಡುತ್ತ ಕುಳಿತೆ. ಕಾಕಾ ಕತ್ತು ಒಂದು ಕಡೆ ವಾಲಿಸಿ, ನುಣ್ಣಗೆ, "ಕಾಕಾ, ನನ್ನ ಮ್ಯಾಲ ಡೌಟ್ ಪಡಬ್ಯಾಡ್ರಿ. ನಾ ನಿಮ್ಮ ಮಗ ಇದ್ದಂಗ," ಎಂದರು. ಥೇಟ್ ನನ್ನ ದನಿ. ನಾನು ಯಾವತ್ತೂ ಅಷ್ಟು ಚೆನ್ನಾಗಿ ನನ್ನನ್ನು ತೆಗೆದಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಾಕಾ ನಗಲಿಲ್ಲ. ಗ್ಲಾಸು ತೊಳೆದಿಟ್ಟು ಹೋದರು.

ನಾನು ಕಂಪನಿಗೆ ಬರೆದೆ, ಗುರುತು ತೆಗೆಯಿರಿ ಎಂದು. ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ ಜಾಗ ಅದೇ ಎಂದು ಉತ್ತರ ಬಂತು. ಕೆಲಸ ಬಿಟ್ಟೆ. ಅದೇನು ದೊಡ್ಡ ತ್ಯಾಗವಲ್ಲ, ಬೇರೆ ಕೆಲಸ ಸಿಕ್ಕಿತ್ತು. ಗುರುತು ಹಾಗೆಯೇ ಉಳಿಯಿತು. ಅದನ್ನು ನೋಡಿ ಇನ್ನಾರೋ, ಅವರನ್ನು ನೋಡಿ ಮತ್ತಾರೋ ತಮ್ಮ ತಮ್ಮ ನಕಾಶೆಗೆ ಏರಿಸಿಕೊಂಡರು. ಕಾಕಾ ಮತ್ತೆ ಎದುರಾಗಲಿಲ್ಲ. ಯಂಕಂಚಿಯ ಹೊಲದವರನ್ನು ಕೇಳಿದೆ. ಅವರ ಹಿಂಡು ಈಗ ಈ ದಾರಿಯಲ್ಲಿ ಬರುವುದಿಲ್ಲ ಎಂದರು. ಯಾವ ದಾರಿ ಹಿಡಿದರು ಎಂದರೆ, ನನ್ನ ಮುಖವನ್ನೇ ನೋಡಿದರು...

ಹೋದ ವಾರ ಆ ಬಸ್ ನಿಲ್ದಾಣದಲ್ಲಿ ಕಂಬಳಿಯ ಮುದುಕನನ್ನೂ ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನಗ್ಯಾಕ ಬೇಕು?" ಎಂದು ಆ ಕಡೆ ತಿರುಗಿ ನಿಂತ. ಬಸ್ಸು ಇನ್ನೂ ಬಂದಿರಲಿಲ್ಲ. ಕಾಕಾನ ತಮ್ಮನ ನಂಬರು ಒತ್ತಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಎತ್ತಿದ. ಹಿಂದೆ ಎಲ್ಲೋ ಕುರಿಗಳು ಕೂಗುತ್ತಿದ್ದವು.

"ಯಾರು?"

ನಾನು ಯಾರೆಂದು ಹೇಳಿದೆ.

"ಇದ್ಯಾರ ದನಿ ತಗದೀ?"

"ನಂದ್ರಿ. ಇದು ನಂದ ದನಿ."

"ಹೆಂಗ ನಂಬೂದು?"

"ಜಾಗ ಕೇಳಾಕ ಫೋನ್ ಮಾಡಿಲ್ರಿ. ಕಾಕಾ ಹೆಂಗದಾರಂತ, ಅಷ್ಟ ಹೇಳ್ರಿ," ಎಂದೆ.

ಮಳೆ ಅಲ್ಲೂ ಬೀಳುತ್ತಿತ್ತೋ, ಇಲ್ಲಿಯದೇ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತೋ ತಿಳಿಯಲಿಲ್ಲ.

"ಫೋನಿನ್ಯಾಗ ನಾವು ಈಗ ಯಾರಿಗೂ ಏನೂ ಹೇಳೂದಿಲ್ಲಪಾ," ಎಂದ. ಇಟ್ಟ.

ಕಾಕಾ ಇದ್ದಾರೋ ಇಲ್ಲವೋ ನನಗೆ ತಿಳಿಯದು. ತಿಳಿದವರು ಇದ್ದಾರೆ, ಅವರು ನನಗೆ ಹೇಳುವುದಿಲ್ಲ. ಈ ಮಳೆಯಲ್ಲಿ ಅವರ ಕುರಿಗಳು ಎಲ್ಲಿ ನಿಂತಿವೆ ಎಂಬುದೂ ತಿಳಿಯದು. ಅದೊಂದು ನನಗೆ ತಿಳಿಯದೇ ಇರಲಿ.